ಒಂಬತ್ತನೆಯ ಇಯತ್ತೆಯ ಒಂದು ಪ್ರಶ್ನೆ



ಸ್ಮರಣಸಂಚಿಕೆಗಾಗಿ ಮುಖ್ಯಾಧ್ಯಾಪಿಕೆಯು ಬರೆಯತಕ್ಕ ಲೇಖದಲ್ಲಿ ಪರೀಕ್ಷೆಯ ಫಲಿತಾಂಶ, ಹೊಸ ಕೋಣೆಗಳ ಲೆಕ್ಕ, ದಾನಿಗಳ ಉಪಕಾರಸ್ಮರಣೆ ಇವು ಇರತಕ್ಕದ್ದೆಂಬುದು ರೂಢಿಯಾಗಿದೆ. ಅವೆಲ್ಲವೂ ಈ ಸಂಚಿಕೆಯ ವರದಿಯಲ್ಲಿ ಬೇರೆಯಾಗಿಯೇ ಅಚ್ಚಾಗಿರುವದರಿಂದ ನಾವು ಇಲ್ಲಿ ನಮ್ಮ ಹಳೆಯ ಬಾಕಿಯೊಂದನ್ನು ತೀರಿಸಲು ಅಪೇಕ್ಷಿಸುತ್ತೇವೆ. 2016ರಲ್ಲಿ ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ ನಮ್ಮನ್ನು ಒಂದು ಪ್ರಶ್ನೆ ಕೇಳಿದಳು. ಆಗ ನಾವು ಉತ್ತರ ಕೊಡದೆ ತಪ್ಪಿಸಿಕೊಂಡೆವು. 2025ರ ಬೇಸಿಗೆಯಲ್ಲಿ ಆ ಹುಡುಗಿಯು ತನ್ನ ತಂದೆಯನ್ನು ಸಂಗಡ ಕರೆದುಕೊಂಡು ಅದೇ ಪ್ರಶ್ನೆಯೊಡನೆ ನಮ್ಮ ಕಚೇರಿಯ ಬಾಗಿಲಿಗೆ ತಿರುಗಿ ಬಂದಳು.

ನಮ್ಮ ಬೋರ್ಡಿಂಗನ್ನು ಬಲ್ಲವರಿಗೆ ಅಡಿಗೆಮನೆಯ ಮಾವಶಿಯವರ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಈ ನಾಲ್ಕು ತಾಲೂಕುಗಳ ಹಳ್ಳಿಗಳಿಂದ ಬಂದ ಹುಡುಗಿಯರಲ್ಲಿ ಅವರ ಕೈಯ ಬಿಸಿರೊಟ್ಟಿಯನ್ನೂ ಬಾಯಿಯ ಬೈಗಳನ್ನೂ ಉಣ್ಣದೆ ಬೆಳೆದವಳು ಒಬ್ಬಳೂ ಇರಲಾರಳು. ಸವಣೂರ ತಾಲೂಕಿನ ಎಲೆತೋಟದ ಕೂಲಿಯವರ ಮನೆಯಲ್ಲಿ ಹುಟ್ಟಿ, ಸಣ್ಣ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು, ಇಪ್ಪತ್ತೆರಡು ವರುಷ ನಮ್ಮ ಒಲೆಗಳ ಮುಂದೆ ನಿಂತವರು. 2016ರ ಮಳೆಗಾಲದಲ್ಲಿ ಅವರು ಎಡಗೈಯನ್ನು ಮೈಗೆ ಒತ್ತಿ ಹಿಡಿದು ಬಲಗೈಯೊಂದರಿಂದಲೇ ಹಿಟ್ಟು ನಾದುತ್ತಿದ್ದುದನ್ನು ಮೊದಲು ಕಂಡವಳು ಆ ಹುಡುಗಿ, ನಾವಲ್ಲ. ವಿಚಾರಿಸಲಾಗಿ ಎಡ ಸ್ತನದಲ್ಲಿ ಅಡಕೆಯಷ್ಟು ಗಂಟು ಇದ್ದುದಾಗಿಯೂ, ಅದನ್ನು ಎಂಟು ತಿಂಗಳಿಂದ ಸೆರಗಿನ ಕೆಳಗೆ ಮುಚ್ಚಿಟ್ಟಿದ್ದುದಾಗಿಯೂ ತಿಳಿಯಿತು. ದಿನಕ್ಕೆ ಎರಡು ಹೊತ್ತು ಅವರ ಕೈಯಿಂದ ಉಂಡ ನಮಗೆ ಎಂಟು ತಿಂಗಳು ಏನೂ ಗೊತ್ತಾಗಲಿಲ್ಲವೆಂದು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಈ ಪುಟವನ್ನು ಓದುತ್ತಿರುವ ತಾಯಂದಿರಿಗೆ ಇಲ್ಲಿಯೇ ಒಂದು ಮಾತು: ನೋವಿಲ್ಲದ ಗಂಟೆಂದು ಸುಮ್ಮನಿರಬೇಡಿರಿ. ಆರಂಭದಲ್ಲಿ ಇಂಥ ಗಂಟಿಗೆ ಬಹಳ ಮಾಡಿ ನೋವೇ ಇರುವದಿಲ್ಲ.

ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಪರೀಕ್ಷೆಯಾಗಿ, ಕ್ಯಾನ್ಸರ್ ಎಂದು ಈಗ ಎಲ್ಲರ ಬಾಯಲ್ಲಿಯೂ ಇರುವ ಅರ್ಬುದರೋಗವೆಂದು ಗೊತ್ತಾಯಿತು. ಗಂಟು ಇನ್ನೂ ಸಣ್ಣದಾಗಿರುವದರಿಂದ ಇಡಿಯ ಸ್ತನವನ್ನು ತೆಗೆಯಬೇಕಾಗಿಲ್ಲವೆಂದೂ, ಗಂಟನ್ನು ಸುತ್ತಲಿನ ಸ್ವಲ್ಪ ಒಳ್ಳೆಯ ಭಾಗದೊಡನೆ ಕೊಯ್ದು ತೆಗೆದು ಬಳಿಕ ಕಿರಣಚಿಕಿತ್ಸೆ ಕೊಟ್ಟರೆ ಸಾಕೆಂದೂ ವೈದ್ಯರು ಹೇಳಿದರು. ದಸರೆಯ ರಜೆಯಲ್ಲಿ ಶಸ್ತ್ರಕ್ರಿಯೆಯಾಯಿತು. ಮಾವಶಿಯವರು ನಾಲ್ಕನೆಯ ದಿನ ಎದ್ದು ಕುಳಿತು, ಆಸ್ಪತ್ರೆಯ ಸಾರಿಗೆ ಉಪ್ಪಿಲ್ಲವೆಂದು ದೂರಿದರು. ನಾವು ಗೆದ್ದೆವೆಂದೇ ತಿಳಿದೆವು. ಹನ್ನೆರಡು ದಿನಗಳ ಮೇಲೆ ಪ್ರಯೋಗಶಾಲೆಯ ಕಾಗದ ಬಂದಿತು: ತೆಗೆದ ತುಣುಕಿನ ಒಂದು ಮಗ್ಗುಲಲ್ಲಿ ರೋಗವು ಅಂಚಿಗೆ ತಾಗಿದೆ, ಒಳಗೆ ಉಳಿದಿರುವ ಸಂಭವವುಂಟು, ಇನ್ನೊಮ್ಮೆ ಕೊಯ್ಯಬೇಕು.

ಆ ಸಾಯಂಕಾಲ ಅಡಿಗೆಮನೆಯ ಕಟ್ಟೆಯ ಮೇಲೆ ಕುಳಿತು ನಾವು ಮಾವಶಿಯವರಿಗೆ ಅದನ್ನು ತಿಳಿಯಹೇಳಬೇಕೆಂದು ಮಾತು ಹುಡುಕುತ್ತಿದ್ದೆವು. ಅವರೇ ನಮಗೆ ತಿಳಿಯಹೇಳಿದರು. "ಕರಕಿ ಅಗದಾಂಗ ಅಲ್ಲೇನ್ರಿ ಅಕ್ಕೋರ? ಒಂದ ಗೆಣ್ಣು ಉಳದ್ರ ಮತ್ತ ಹೊಲತುಂಬ ಹಬ್ಬತೈತಿ." ಬಾಗಿಲ ಬಳಿಯಲ್ಲಿ ನಿಂತು ಕೇಳುತ್ತಿದ್ದ ಆ ಹುಡುಗಿ, ಹಿರೇಕೆರೂರ ತಾಲೂಕಿನ ಒಬ್ಬ ಒಕ್ಕಲಿಗರ ಮಗಳು, ಒಳಗೆ ಬಂದು, "ಅಕ್ಕೋರ, ಕೊಯ್ಯುವಾಗ ಎಲ್ಲಾ ಕಣ್ಣೆದುರಿಗೇ ಇತ್ತಲ್ರೀ? ಅಂಚು ಎಲ್ಲೈತಿ ಅಂತ ಆವಾಗ ಯಾಕ ಗೊತ್ತಾಗ್ಲಿಲ್ರೀ?" ಎಂದು ಕೇಳಿದಳು.

ನಾವು ವಿಜ್ಞಾನವನ್ನು ಕಲಿಸುವದಕ್ಕಾಗಿಯೇ ತರಬೇತಿ ಪಡೆದವರು. "ಅದು ಡಾಕ್ಟರರ ವಿಚಾರ, ನೀನು ಹೋಗಿ ಬೀಜಗಣಿತ ನೋಡು," ಎಂದೆವು. ಅವಳು ಹೋದಳು.

ಎರಡನೆಯ ಶಸ್ತ್ರಕ್ರಿಯೆಯೂ ಆಯಿತು. ಅದರ ಕಾಗದವೂ ಬಂದಿತು. ಎರಡನೆಯ ಸಲ ತೆಗೆದ ಭಾಗದಲ್ಲಿ ರೋಗದ ಸುಳಿವೇ ಇರಲಿಲ್ಲ. ನಾವು ಸಂತೋಷದಿಂದ ಓದಿ ಹೇಳಿದೆವು. ಮಾವಶಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಸುಮ್ನ ಕೊಯ್ದ್ರೇನ್ರಿ?" ಎಂದರು. ಆ ಮಾತಿಗೂ ನಮ್ಮಲ್ಲಿ ಉತ್ತರವಿರಲಿಲ್ಲ. ವೈದ್ಯರ ತಪ್ಪು ಇದರಲ್ಲಿ ಏನೂ ಇಲ್ಲವೆಂಬುದನ್ನು ನಾವು ಆಮೇಲೆ ಓದಿ ತಿಳಿದುಕೊಂಡೆವು. ಅವರು ಕೈಯಲ್ಲಿದ್ದ ಜ್ಞಾನದಿಂದ ಮಾಡಬಹುದಾದುದನ್ನೇ ಮಾಡಿದ್ದರು. ಕೊರತೆಯಿದ್ದುದು ಆ ಜ್ಞಾನದಲ್ಲಿಯೇ.

ಇನ್ನು ಹುಡುಗಿಯ ಸಂಗತಿ. ಅವಳು 2018ರಲ್ಲಿ ನಮ್ಮಲ್ಲಿಂದ ಎಸ್.ಎಸ್.ಎಲ್.ಸಿ. ತೇರ್ಗಡೆಯಾಗಿ, ಹಾವೇರಿಯಲ್ಲಿ ಪಿ.ಯು.ಸಿ. ಮುಗಿಸಿ, ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ಇಂಜಿನಿಯರಿಂಗ್ ಪದವಿಯನ್ನು ಪಡೆದು, ಬೆಂಗಳೂರಿನಲ್ಲಿ ಒಂದು ವರುಷ ಕಂಪನಿಯ ಕೆಲಸದಲ್ಲಿದ್ದಳು. 2025ರಲ್ಲಿ ಗೇಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳು ಬಂದು, ಬೆಂಗಳೂರಿನಲ್ಲಿಯೇ ಒಂದು ಸಂಸ್ಥೆಯಿಂದ ಡಾಕ್ಟರೇಟ್ ಸಂಶೋಧನೆಗೆ ಕರೆ ಬಂದಿತ್ತು. ವಿಷಯವು ಜೀವ-ವಿದ್ಯುನ್ಮಾನ ಶಾಸ್ತ್ರ. ಎಂದರೆ ಜೀವವಿರುವ ಅಂಗಾಂಶದ ವಿದ್ಯುದ್ಗುಣಗಳನ್ನು ಅಳೆದು ಶಸ್ತ್ರಕ್ರಿಯೆಯ ಹೊತ್ತಿನಲ್ಲಿಯೇ ಗಡ್ಡೆಯು ಎಲ್ಲಿ ಮುಗಿಯುತ್ತದೆಂದು ಕಂಡುಹಿಡಿಯುವ ಪ್ರಯತ್ನ. ಐದು ವರುಷಗಳ ಮಾತು. ಇತ್ತ ರಾಣೇಬೆನ್ನೂರಿನಿಂದ ಕನ್ಯೆ ನೋಡಲು ಬರುವವರಿದ್ದರು. ತಂದೆಯವರು ಟೋಪಿಯನ್ನು ಮೊಳಕಾಲ ಮೇಲಿಟ್ಟುಕೊಂಡು ನಮ್ಮೆದುರಿಗೆ ಕುಳಿತು, "ಐದು ವರ್ಷ ಓದಿ ಡಾಕ್ಟರ್ ಆಗ್ತಾಳಂತ್ರಿ. ಆದ್ರ ರೋಗಿಗೆ ಔಷಧ ಕೊಡೂ ಡಾಕ್ಟರ್ ಅಲ್ಲಂತ. ಹಂಗಾರ ಯಾತರ ಡಾಕ್ಟರ್ ರೀ ಇದು? ನೀವ ಹೇಳ್ರಿ, ನೀವು ಹೇಳಿದಾಂಗ ಮಾಡ್ತೀವಿ," ಎಂದರು. ಮಗಳು ಮಾತಾಡಲಿಲ್ಲ, ನಮ್ಮನ್ನೇ ನೋಡುತ್ತಿದ್ದಳು. ನಾವು ಒಂದು ವಾರದ ಅವಕಾಶ ಬೇಡಿಕೊಂಡೆವು. ಅವಳು ತನ್ನ ಚೀಲದಿಂದ ಒಂದು ಕಟ್ಟು ಕಾಗದಗಳನ್ನು ತೆಗೆದು ಮೇಜಿನ ಮೇಲಿಟ್ಟು ಹೋದಳು. ಆ ವಾರದಲ್ಲಿ ನಾವು ಓದಿದುದನ್ನೇ ವಾಚಕರ ಮುಂದೆ ಇಡುತ್ತೇವೆ.

ಹಿಂದೆ ಈ ಅಂಚಿನ ಪ್ರಶ್ನೆಯು ಅಷ್ಟಾಗಿ ಏಳುತ್ತಿರಲಿಲ್ಲ. 1894ರಲ್ಲಿ ಅಮೆರಿಕದ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರು ಪ್ರಕಟಿಸಿದ ಪದ್ಧತಿಯಲ್ಲಿ ಇಡಿಯ ಸ್ತನವನ್ನೂ ಅದರ ಕೆಳಗಿನ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆದುಬಿಡುತ್ತಿದ್ದರು. ಕರಿಕೆ ಬಂದಿತೆಂದು ಹೊಲದ ಮಣ್ಣನ್ನೇ ಹೊತ್ತು ಹಾಕಿದಂತೆ. ಸುಮಾರು ಎಂಬತ್ತು ವರುಷ ಇದೇ ನಡೆಯಿತು. ಆಮೇಲೆ ಇಟಲಿಯಲ್ಲಿ ವೆರೊನೇಸಿಯವರೂ ಅಮೆರಿಕದಲ್ಲಿ ಫಿಶರ್‌ರವರೂ ಸ್ತನವನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆದು ಕಿರಣಚಿಕಿತ್ಸೆ ಕೊಟ್ಟ ಸ್ತ್ರೀಯರನ್ನು ಇಪ್ಪತ್ತು ವರುಷಗಳ ವರೆಗೆ ಬೆನ್ನುಹತ್ತಿ ನೋಡಿ, ಅವರೂ ಇಡಿಯ ಸ್ತನ ಕಳೆದುಕೊಂಡವರಷ್ಟೇ ಕಾಲ ಬದುಕುತ್ತಾರೆಂದು 2002ರಲ್ಲಿ ತೋರಿಸಿಕೊಟ್ಟರು. ಎಷ್ಟು ಸ್ತ್ರೀಯರ ಮೈಯೂ ಮಾನವೂ ಇದರಿಂದ ಉಳಿಯಿತೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಸ್ವಲ್ಪವನ್ನೇ ತೆಗೆಯತಕ್ಕವರು ಎಲ್ಲಿಯ ವರೆಗೆ ತೆಗೆಯಬೇಕೆಂಬುದನ್ನು ತಿಳಿದಿರಬೇಕು. ಮಾವಶಿಯವರ ಎರಡನೆಯ ಶಸ್ತ್ರಕ್ರಿಯೆಯು ಈ ಉಪಕಾರದ ಹಿಂದೆಯೇ ಬಂದ ಕಷ್ಟವಾಗಿತ್ತು. ಅವರು ಒಬ್ಬರೇ ಅಲ್ಲ. ಇಂಗ್ಲೆಂಡಿನಲ್ಲಿ ಐವತ್ತೈದು ಸಾವಿರ ಸ್ತ್ರೀಯರ ದಾಖಲೆಗಳನ್ನು ನೋಡಿ 2012ರಲ್ಲಿ ಪ್ರಕಟಿಸಿದ ಎಣಿಕೆಯಲ್ಲಿ, ಸ್ತನವನ್ನು ಉಳಿಸುವ ಶಸ್ತ್ರಕ್ರಿಯೆ ಮಾಡಿಸಿಕೊಂಡ ಐವರಲ್ಲಿ ಒಬ್ಬಳು ಎರಡನೆಯ ಸಲ ಮೇಜಿನ ಮೇಲೆ ಮಲಗಬೇಕಾಗಿತ್ತು.

ಕೊಯ್ಯುವಾಗ ಏಕೆ ತಿಳಿಯುವದಿಲ್ಲ? ಏಕೆಂದರೆ ಗಡ್ಡೆಯ ನಡುಭಾಗವು ಬೆರಳಿಗೆ ಕಲ್ಲಿನಂತೆ ಸಿಕ್ಕಿದರೂ ಅದರ ಅಂಚು ನೂಲಿನಂತೆ ಸುತ್ತಲಿನ ಕೊಬ್ಬಿನೊಳಗೆ ಹರಿದುಹೋಗಿರುತ್ತದೆ. ಕಣ್ಣಿಗೆ ಎರಡೂ ಒಂದೇ. ಆದಕಾರಣ ತೆಗೆದ ತುಣುಕಿನ ಹೊರಮೈಗೆಲ್ಲ ಮಸಿ ಹಚ್ಚುತ್ತಾರೆ. ಅದನ್ನು ಫಾರ್ಮಲಿನ್‌ನಲ್ಲಿ ನೆನೆಯಿಟ್ಟು, ಮೇಣದಲ್ಲಿ ಹುಗಿದು, ಒಂದು ಮಿಲಿಮೀಟರಿನ ಇನ್ನೂರರಲ್ಲೊಂದು ಪಾಲಿನಷ್ಟು ತೆಳ್ಳಗೆ ಹೆರೆದು, ಬಣ್ಣ ಕಟ್ಟಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಮಸಿಯ ಗೆರೆಯ ವರೆಗೆ ರೋಗಕಣಗಳು ಬಂದಿದ್ದರೆ ಒಳಗೂ ಉಳಿದಿರಬಹುದು. ಮಸಿಗೆ ರೋಗವು ತಾಗದಿದ್ದರೆ ಸಾಕು, ಇನ್ನೂ ಅಗಲವಾಗಿ ಕೊಯ್ಯಬೇಕಾಗಿಲ್ಲವೆಂದು 2014ರಲ್ಲಿ ಅಮೆರಿಕದ ವೈದ್ಯಸಂಘಗಳು ಕೂಡಿ ಗೊತ್ತುಮಾಡಿದವು. ಈ ಕೆಲಸವೆಲ್ಲ ಮುಗಿಯಬೇಕಾದರೆ ದಿನಗಳೇ ಬೇಕು. ಅಷ್ಟರಲ್ಲಿ ಹೊಲಿಗೆಗಳೂ ಒಣಗಿರುತ್ತವೆ. 1905ರಲ್ಲಿ ಅಮೆರಿಕದ ಮೇಯೋ ವೈದ್ಯಶಾಲೆಯ ವಿಲ್ಸನ್ ಎಂಬವರು ತುಣುಕನ್ನು ಹಿಮಗಟ್ಟಿಸಿ ಕೆಲವು ನಿಮಿಷಗಳಲ್ಲಿ ನೋಡುವ ಉಪಾಯವನ್ನು ರೂಢಿಗೆ ತಂದರು. ಅದು ಇಂದಿಗೂ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ. ಆದರೆ ಕೊಬ್ಬು ಚೆನ್ನಾಗಿ ಹಿಮಗಟ್ಟುವದಿಲ್ಲ, ಸ್ತನವೆಂದರೆ ಬಹುಮಟ್ಟಿಗೆ ಕೊಬ್ಬೇ.

ಶರೀರದೊಳಗೆ ಅಡಗಿದ್ದನ್ನು ವಿದ್ಯುತ್ತಿನಿಂದ ಹುಡುಕುವ ಯೋಚನೆಯು ಹಳೆಯದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ರವರಿಗೆ ಗುಂಡು ತಗುಲಿ, ಅದು ಎಲ್ಲಿದೆಯೆಂದು ವೈದ್ಯರಿಗೆ ತಿಳಿಯದಿದ್ದಾಗ, ಟೆಲಿಫೋನಿನ ಗ್ರಹಾಂ ಬೆಲ್‌ರವರು ಸುರುಳಿ ಸುತ್ತಿದ ಒಂದು ಯಂತ್ರವನ್ನು ಒಯ್ದು ಮೈಮೇಲೆ ಆಡಿಸಿ ಶಬ್ದಕ್ಕೆ ಕಿವಿಗೊಟ್ಟರು. ಯಂತ್ರವು ಎಲ್ಲೆಡೆಯೂ ಸದ್ದು ಮಾಡಿತು. ಹಾಸಿಗೆಯಲ್ಲಿ ಉಕ್ಕಿನ ಸ್ಪ್ರಿಂಗುಗಳಿದ್ದವೆಂದು ಆಮೇಲೆ ತಿಳಿಯಿತು. ಮೇಲಾಗಿ ವೈದ್ಯರು ತಾವು ಗುಂಡಿದೆಯೆಂದು ನಂಬಿದ ಬಲಮಗ್ಗುಲಲ್ಲಿ ಮಾತ್ರ ಹುಡುಕಲು ಬಿಟ್ಟರಂತೆ. ಅಧ್ಯಕ್ಷರು ಸೆಪ್ಟೆಂಬರದಲ್ಲಿ ತೀರಿಕೊಂಡರು. ಯಂತ್ರ ಸರಿಯಾಗಿದ್ದರೆ ಸಾಲದು, ಹಾಸಿಗೆಯ ಕೆಳಗೂ ನೋಡಬೇಕೆಂದು ನಾವು ಈ ಕಥೆಯನ್ನು ಈಗ ಎಂಟನೆಯ ಇಯತ್ತೆಗೆ ಪ್ರಯೋಗದ ಪಾಠದಲ್ಲಿ ಹೇಳುತ್ತಿದ್ದೇವೆ.

ಗುಂಡು ಲೋಹ, ಗಡ್ಡೆಯಾದರೋ ಮಾಂಸವೇ. ಮಾಂಸದಲ್ಲಿ ಮಾಂಸವನ್ನು ವಿದ್ಯುತ್ತು ಹೇಗೆ ಗುರುತಿಸೀತು? ಈ ಪ್ರಶ್ನೆಗೆ ಮೊದಲು ಸಂಖ್ಯೆಗಳಿಂದ ಉತ್ತರಿಸಿದವರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ ಹ್ಯೂಗೋ ಫ್ರಿಕ್ ಎಂಬವರು ಮುಖ್ಯರು. ಜೀವಕೋಶವೆಂದರೆ ಒಂದು ತೆಳುವಾದ ಎಣ್ಣೆಯ ಪೊರೆಯ ಚೀಲ; ಒಳಗೂ ಹೊರಗೂ ಉಪ್ಪುನೀರು. ಉಪ್ಪುನೀರಿನಲ್ಲಿ ವಿದ್ಯುತ್ತು ಹರಿಯುತ್ತದೆ, ಎಣ್ಣೆಯಲ್ಲಿ ಹರಿಯದು. ಆದುದರಿಂದ ಪ್ರತಿಯೊಂದು ಕೋಶವೂ ನಮ್ಮ ಹಳೆಯ ರೇಡಿಯೋದೊಳಗಿನ ಕಂಡೆನ್ಸರಿನಂತೆ ವರ್ತಿಸುತ್ತದೆ. ನಿಧಾನವಾಗಿ ದಿಕ್ಕು ಬದಲಿಸುವ ಪ್ರವಾಹವು ಕೋಶಗಳನ್ನು ಬಳಸಿಕೊಂಡು, ಸಂತೆಯ ದಿನ ಹಾನಗಲ್ಲಿನಲ್ಲಿ ಜನರ ನಡುವೆ ದಾರಿ ಮಾಡಿಕೊಂಡು ಹೋಗುವವರಂತೆ ಹೋಗುತ್ತದೆ. ಬಹು ವೇಗವಾಗಿ ಬದಲಿಸುವ ಪ್ರವಾಹವು ಪೊರೆಯನ್ನೇ ದಾಟುತ್ತದೆ. ಎರಡನ್ನೂ ಅಳೆದರೆ ಕೋಶಗಳು ಹೇಗೆ ಕಿಕ್ಕಿರಿದಿವೆ, ನೀರೆಷ್ಟು, ಕೊಬ್ಬೆಷ್ಟು ಎಂಬುದರ ಸುಳಿವು ಸಿಕ್ಕುತ್ತದೆ. ಫ್ರಿಕ್‌ರವರು 1925ರಲ್ಲಿ ಹೀಗೆಯೇ ರಕ್ತಕಣಗಳನ್ನು ಅಳೆದು, ಅವುಗಳ ಪೊರೆಯ ದಪ್ಪವು ಮಿಲಿಮೀಟರಿನ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು ಮೂರು ಪಾಲೆಂದು ಲೆಕ್ಕ ಹಾಕಿದರು. ಅಷ್ಟು ಸಣ್ಣದನ್ನು ಆಗ ಯಾವ ಸೂಕ್ಷ್ಮದರ್ಶಕವೂ ತೋರಿಸುತ್ತಿರಲಿಲ್ಲ. ಮರುವರುಷ, 1926ರಲ್ಲಿ, ಅವರೂ ಮೋರ್ಸ್ ಎಂಬವರೂ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಸ್ತನದ ಗಡ್ಡೆಗಳ ವಿದ್ಯುದ್ಧಾರಣಶಕ್ತಿಯನ್ನು ಅಳೆದು, ಕೆಟ್ಟ ಗಡ್ಡೆಯ ಅಂಕಿಯು ಬೇರೆಯಾಗಿರುತ್ತದೆಂದು ಪ್ರಕಟಿಸಿದರು.

ಇಷ್ಟು ಓದುವಷ್ಟರಲ್ಲಿ ವಾರ ಮುಗಿದು ತಂದೆ-ಮಗಳು ತಿರುಗಿ ಬಂದರು. ಫ್ರಿಕ್‌ರವರ ಸಂಗತಿಯನ್ನು ನಾವು ತಂದೆಯವರಿಗೆ ವಿವರಿಸಲು ಹೋಗಿ, ಪಾಠದ ಪುಸ್ತಕದ ಮಾತುಗಳಲ್ಲಿಯೇ ಸಿಕ್ಕಿಬಿದ್ದೆವು. ಆಗ ಮಗಳು ಬಾಯಿಬಿಟ್ಟಳು. "ಅಪ್ಪಾ, ಗೋವಿನಜೋಳ ಮಾರಾಕ ಹೋದಾಗ ತೇವ ನೋಡೂ ಮಷೀನು ಇರತೈತಲ್ಲ?" ಗೋವಿನಜೋಳ ಬೆಳೆಯುವವರಿಗೆ ಆ ಯಂತ್ರ ಗೊತ್ತು. ಬೆಂಬಲ ಬೆಲೆಗೆ ಕೊಳ್ಳುವಾಗ ತೇವಾಂಶವು ನೂರಕ್ಕೆ 14ಕ್ಕೆ ಮೀರಬಾರದು. ಒಂದು ಹಿಡಿ ಕಾಳು ಸುರಿದೊಡನೆ ಅಂಕಿ ಬರುತ್ತದೆ, ಒಮ್ಮೊಮ್ಮೆ ಆ ಅಂಕಿಗಾಗಿ ಜಗಳವೂ ಬರುತ್ತದೆ. "ಅದು ಕಾಳನ್ನ ಒಡದು ನೋಡೂದಿಲ್ಲ. ಕರೆಂಟು ಹೆಂಗ ಹಿಡಕೋತೈತಿ ಅಂತ ನೋಡಿ ಒಳಗ ನೀರೆಷ್ಟೈತಿ ಅಂತ ಹೇಳತೈತಿ. ಇದೂ ಹಂಗ." ತಂದೆಯವರು ಬಹಳ ಹೊತ್ತು ಯೋಚಿಸಿ, "ಆ ಮಷೀನು ಒಂದೊಂದ ಕಡೆ ಒಂದೊಂದ ಹೇಳತೈತಲ್ಲವಾ," ಎಂದರು. ಅದಕ್ಕಿಂತ ಸರಿಯಾದ ಆಕ್ಷೇಪಣೆಯನ್ನು ಆ ಕಾಗದಗಳ ಕಟ್ಟಿನಲ್ಲಿಯೂ ನಾವು ಕಂಡಿರಲಿಲ್ಲ.

ಏಕೆಂದರೆ ತೊಡಕು ಇರುವದೇ ಅಲ್ಲಿ. ಕೊಬ್ಬಿಗೂ ಗಡ್ಡೆಗೂ ಅಂತರ ದೊಡ್ಡದು. ಆದರೆ ಸ್ತನದಲ್ಲಿ ಒತ್ತಾದ ಒಳ್ಳೆಯ ಗ್ರಂಥಿಯ ಭಾಗವೂ ಇರುತ್ತದೆ, ಅದು ಗಡ್ಡೆಯಂತೆಯೇ ಅಂಕಿ ಕೊಟ್ಟು ಮೋಸಮಾಡಬಲ್ಲದು. ತುಣುಕು ತಣ್ಣಗಾದರೆ ಅಂಕಿ ಬದಲು, ರಕ್ತ ತಾಗಿದರೆ ಬದಲು, ಕಡ್ಡಿಯನ್ನು ಒತ್ತಿ ಹಿಡಿದರೂ ಬದಲು. ಫ್ರಿಕ್‌ರವರ ಲೇಖ ಬಂದ 86 ವರುಷಗಳ ಮೇಲೆ, 2012ರ ಕೊನೆಯಲ್ಲಿ, ಇಸ್ರೇಲಿನಲ್ಲಿ ರೂಪುಗೊಂಡ ಮಾರ್ಜಿನ್‌ಪ್ರೋಬ್ ಎಂಬ ಯಂತ್ರಕ್ಕೆ ಅಮೆರಿಕದ ಸರಕಾರದ ಒಪ್ಪಿಗೆ ದೊರಕಿತು. ತೆಗೆದ ತುಣುಕಿನ ಮೇಲೆ ಅದರ ತುದಿಯನ್ನು ಇಟ್ಟರೆ ರೇಡಿಯೋ ಅಲೆಯನ್ನು ಹೊಗಿಸಿ, ತಿರುಗಿ ಬಂದುದನ್ನು ಅಳೆದು, ರೋಗ ಉಂಟು ಅಥವಾ ಇಲ್ಲ ಎಂದು ಒಡನೆಯೇ ಹೇಳುತ್ತದೆ. ಒಪ್ಪಿಗೆಗಾಗಿ ನಡೆದ ಪರೀಕ್ಷೆಯಲ್ಲಿ ಅದು ರೋಗವಿದ್ದ ಅಂಚುಗಳಲ್ಲಿ ನಾಲ್ಕರಲ್ಲಿ ಮೂರನ್ನು ಕಂಡುಹಿಡಿಯಿತು; ರೋಗವಿಲ್ಲದ ಅಂಚುಗಳಲ್ಲಿಯೂ ಅರ್ಧಕ್ಕಿಂತ ಹೆಚ್ಚು ಸಲ 'ಉಂಟು' ಎಂದು ಕೂಗಿಕೊಂಡಿತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಟಕಾಟ್ಸ್‌ರವರದು ಇನ್ನೊಂದು ದಾರಿ: ವಿದ್ಯುತ್ತಿನ ಕತ್ತಿಯಿಂದ ಕೊಯ್ಯುವಾಗ ಏಳುವ ಹೊಗೆಯನ್ನೇ ಹೀರಿ, ಅದರ ರಾಸಾಯನಿಕ ಘಟಕಗಳಿಂದ ರೋಗವನ್ನು ಗುರುತಿಸುವ ಯಂತ್ರವನ್ನು ಅವರು 2013ರಲ್ಲಿ ಪ್ರಕಟಿಸಿದರು. ಒಗ್ಗರಣೆಯ ವಾಸನೆಯಿಂದಲೇ ಸಾಸಿವೆ ಸೀದಿತೆಂದು ಹೇಳುವ ಮಾವಶಿಯವರಿಗೆ ಇದು ಆಶ್ಚರ್ಯವೆನಿಸಲಿಲ್ಲ.

ನಮಗೆ ಹೆಚ್ಚು ಹಿಡಿಸಿದ್ದು ಬೆಂಗಳೂರಿನದೇ ಕೆಲಸ. 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಆ ಸಂಸ್ಥೆಯಲ್ಲಿಯೇ, ಹಾರ್ದಿಕ್ ಪಂಡ್ಯ ಎಂಬ ಪ್ರಾಧ್ಯಾಪಕರ ಪ್ರಯೋಗಾಲಯವು ಇದೇ ಅಂಚಿನ ಪ್ರಶ್ನೆಯನ್ನು ಹಿಡಿದಿದೆ. (ಕ್ರಿಕೆಟ್ ಆಟಗಾರರಲ್ಲ, ನಮ್ಮ ಹತ್ತನೆಯ ಇಯತ್ತೆಯವರು ಈ ಹೆಸರು ಕೇಳಿ ಎದ್ದು ಕುಳಿತರು.) ಅಲ್ಲಿಯವರು ಅಸ್ಸಾಮಿನ ದಿಬ್ರೂಗಡದ ವೈದ್ಯಕೀಯ ಕಾಲೇಜಿನವರೊಡನೆ ಕೂಡಿ ಮಾಡಿದ 'ರ್‍ಯಾಪಿಡ್ ಇ.ಟಿ.' ಎಂಬ ಉಪಕರಣದ ವಿವರವು 2022ರಲ್ಲಿ ಪ್ರಕಟವಾಯಿತು. ಸಿಲಿಕಾನಿನ ಒಂದು ಸಣ್ಣ ಬಿಲ್ಲೆಯ ಮೇಲೆ ಪ್ಲಾಟಿನಮ್ಮಿನ ಕಾವಲಿ, ಒಂದರೊಳಗೊಂದು ಹೆಣೆದ ಬಾಚಣಿಗೆಯ ಹಲ್ಲುಗಳಂಥ ವಿದ್ಯುದ್ದ್ವಾರಗಳು, ಶಾಖವನ್ನು ಅಳೆಯುವ ತಂತಿಗಳು. ಅದರ ಮೇಲೆ ಅಂಗಾಂಶದ ತುಣುಕನ್ನಿಟ್ಟು 25 ಡಿಗ್ರಿಯಿಂದ ಶರೀರದ ಶಾಖವಾದ 37 ಡಿಗ್ರಿಗೆ ಏರಿಸುತ್ತ, ವಿದ್ಯುತ್ತನ್ನು ಎಷ್ಟು ತಡೆಯುತ್ತದೆ, ಕಾವನ್ನು ಎಷ್ಟು ಸಾಗಿಸುತ್ತದೆ ಎಂಬೆರಡನ್ನೂ ನೋಡುತ್ತಾರೆ. ಒಂದೇ ಸಾಕ್ಷಿ ಸುಳ್ಳು ಹೇಳಬಹುದು, ಎರಡು ಸಾಕ್ಷಿಗಳನ್ನು ಕೂಡಿಸಿ ಕೇಳಿದರೆ ನಿಜಕ್ಕೆ ಹತ್ತಿರವಾದೀತೆಂಬುದು ಇದರ ನ್ಯಾಯ. ಫಾರ್ಮಲಿನ್‌ನಲ್ಲಿ ಕಾದಿಟ್ಟ ತುಣುಕುಗಳಲ್ಲಿ ಗಡ್ಡೆಯ ಶಾಖವಾಹಕತೆಯು 0.309, ಪಕ್ಕದ ಒಳ್ಳೆಯ ಭಾಗದ್ದು 0.563 ಎಂದು ಬಂದಿತು. ಅರ್ಧಕ್ಕಿಂತ ತುಸುವೇ ಹೆಚ್ಚು. ನೋಡಿದ್ದು ಎಂಟು ರೋಗಿಗಳ ತುಣುಕುಗಳನ್ನು. ಎಂಟು ಎಂಬ ಅಂಕಿಯನ್ನು ಅವರು ಮುಚ್ಚಿಡದೆ ಮೊದಲ ಪುಟದಲ್ಲಿಯೇ ಬರೆದಿರುವದು ನಮಗೆ ಮೆಚ್ಚಿಗೆಯಾಯಿತು. ಪ್ರಯೋಗಶಾಲೆಯ ಮೇಜಿನಿಂದ ಶಸ್ತ್ರಕ್ರಿಯೆಯ ಮೇಜಿಗೆ ಹೋಗುವ ದಾರಿ ಇನ್ನೂ ಉದ್ದವಾಗಿದೆ.

ಈ ಕೆಲಸವು ಸ್ತನದ ರೋಗಕ್ಕಷ್ಟೇ ಸಂಬಂಧಿಸಿದ್ದಲ್ಲ. ಬಾಯಿಯ ಅರ್ಬುದದಲ್ಲಿ ಒಂದು ಬೆರಳು ಹೆಚ್ಚು ಕೊಯ್ದರೆ ಮಾತು ಹೋಗುತ್ತದೆ, ಕಡಿಮೆ ಕೊಯ್ದರೆ ರೋಗ ಉಳಿಯುತ್ತದೆ. ನಮ್ಮ ನಾಲ್ಕು ತಾಲೂಕುಗಳಲ್ಲಿ ಎಲೆ, ಅಡಕೆ, ಸುಣ್ಣ, ತಂಬಾಕು ಇಲ್ಲದ ಸಂಚಿ ಯಾವ ಅಜ್ಜಿಯ ಸೊಂಟದಲ್ಲಿದೆ? ಸವಣೂರಿನ ಎಲೆ ನಿರಪರಾಧಿ. ತಂಬಾಕಿನ ಸಂಗತಿ ಎಲ್ಲರಿಗೂ ಗೊತ್ತು; ಅಡಕೆಯೂ ಅರ್ಬುದಕಾರಕವೆಂದು 2004ರಲ್ಲಿ ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯವರು ಪ್ರಕಟಿಸಿರುವದು ಅಷ್ಟಾಗಿ ಗೊತ್ತಿಲ್ಲ. ಹಾನಗಲ್ಲ ಕಡೆಯ ಅಡಕೆ ತೋಟದ ಪಾಲಕರು ನಮ್ಮ ಮೇಲೆ ಸಿಟ್ಟಾಗಬಾರದು.

ತಂದೆಯವರಿಗೆ ನಾವು ಹೇಳಿದ ಮಾತುಗಳನ್ನು ಮರೆಮಾಚದೆ ಬರೆಯುತ್ತೇವೆ. ಮೊದಲನೆಯದಾಗಿ, ಇದಕ್ಕೆ ಮನೆಯಿಂದ ಹಣ ಹೋಗುವದಿಲ್ಲ. 2023ರ ಜನವರಿಯಿಂದ ಸರಕಾರದ ಸಂಶೋಧನ ವೇತನವು ಮೊದಲ ಎರಡು ವರುಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000 ರೂಪಾಯಿ. ಪಾಲಕರಲ್ಲಿ ಬಹಳ ಮಂದಿಗೆ ಇದು ತಿಳಿದಿಲ್ಲವಾದ್ದರಿಂದ ಅಂಕಿಗಳನ್ನೇ ಕೊಟ್ಟಿದ್ದೇವೆ. ಎರಡನೆಯದಾಗಿ, ಐದು ವರುಷ ದುಡಿದು ಅವಳು ಮಾಡಿದ ಯಂತ್ರವು ಯಾವ ಆಸ್ಪತ್ರೆಯನ್ನೂ ಮುಟ್ಟದೆ ಹೋಗಬಹುದು. ಈ ಮಾತನ್ನು ಹೇಳುವಾಗ ಹುಡುಗಿಯ ಮುಖ ಸಣ್ಣದಾಯಿತು, ಆದರೂ ಹೇಳಿದೆವು. ಫ್ರಿಕ್‌ರವರ ಎಂಬತ್ತಾರು ವರುಷಗಳ ಲೆಕ್ಕ ಕೇಳಿ ತಂದೆಯವರು, "ತೆಂಗಿನ ಮರಾ ಹಚ್ಚಿದಾಂಗ ಆತು," ಎಂದರು. ಮೂರನೆಯದಾಗಿ, ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಈ ಶಾಲೆಯಲ್ಲಿ ಬುದ್ಧಿವಂತೆಯಾದ ಹುಡುಗಿ ಸಿಕ್ಕಿದೊಡನೆ ನಾವೆಲ್ಲರೂ, ನಮ್ಮ ಗುರುಗಳು ನಮಗೆ ಹೇಳಿದಂತೆಯೇ, ಶಿಕ್ಷಕಿಯಾಗು ಇಲ್ಲವೆ ದಾದಿಯಾಗು ಎಂದು ಹೇಳುತ್ತ ಬಂದೆವು. ಅವು ಒಳ್ಳೆಯ ಕೆಲಸಗಳೇ. ಆದರೆ ಪ್ರಶ್ನೆ ಕೇಳಿದವಳಿಗೆ, ಆ ಪ್ರಶ್ನೆಯನ್ನೇ ಕಸುಬಾಗಿ ಹಿಡಿದು ಕೂಲಿ ಪಡೆಯಬಹುದೆಂದು ನಾವು ಯಾರೂ ಹೇಳಲಿಲ್ಲ. ನಮಗೇ ಅದು ಹೊಳೆದಿರಲಿಲ್ಲ. ಕನ್ನಡನಾಡಿನಲ್ಲಿ 1922ರಲ್ಲಿಯೇ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಬಂದು, ಅದೇ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಬ ಸೂಕ್ಷ್ಮ ಅಲೆಗಳ ಶಾಸ್ತ್ರವನ್ನು ದಶಕಗಳ ಕಾಲ ಕಲಿಸಿದರು. 2010ರಲ್ಲಿ ಅವರು ತೀರಿಕೊಂಡಾಗ ನಾವು ಇಲ್ಲಿ ಅದೇ ಅಲೆಗಳ ಪಾಠವನ್ನು ಮಾಡುತ್ತಿದ್ದೆವು, ಅವರ ಹೆಸರನ್ನು ಒಮ್ಮೆಯೂ ಹೇಳದೆ.

ಮದುವೆಯ ಮಾತು ಬಂದಾಗ ನಾವು ಬಾಯಿಬಿಡಲಿಲ್ಲ. ಅದು ಮನೆಯವರ ವಿಚಾರ. ಅವಿವಾಹಿತೆಯಾದ ಮುಖ್ಯಾಧ್ಯಾಪಿಕೆಯ ಸಲಹೆಗೆ ಅದರಲ್ಲಿ ಬೆಲೆಯೂ ಕಡಿಮೆ. ತಂದೆಯವರು ಎದ್ದು ಟೋಪಿ ಹಾಕಿಕೊಂಡು, "ಮುಗಿಯೂದ್ರಾಗ ಇಪ್ಪತ್ತೆಂಟು ಆಕ್ಕಾವ್ರಿ ಇಕಿಗೆ," ಎಂದರು. ಬಾಗಿಲ ವರೆಗೆ ಹೋಗಿ ತಿರುಗಿ, "ಆ ಮಾವಶಿ ಇನ್ನೂ ಅದಾರೇನ್ರಿ?" ಎಂದು ಕೇಳಿದರು. ಇದ್ದಾರೆಂದೆವು. ಮಾವಶಿಯವರು ಈಗ ತಮ್ಮ ಊರಲ್ಲಿ ಮಗಳ ಮನೆಯಲ್ಲಿದ್ದಾರೆ. ಶಾಲೆಯ ಹಬ್ಬಗಳಿಗೆ ತಪ್ಪದೆ ಬರುತ್ತಾರೆ. "ಹೋಗ್ಲಿ ಬಿಡ್ರಿ," ಎಂದರು ತಂದೆಯವರು. ಅದು ಯಾರನ್ನು ಕುರಿತು ಹೇಳಿದ್ದೆಂದು ನಮಗೆ ಆಗ ತಿಳಿಯಲಿಲ್ಲ. ಜುಲೈ ತಿಂಗಳ ಕೊನೆಗೆ ಹುಡುಗಿಯು ಪೆಟ್ಟಿಗೆ ಕಟ್ಟಿಕೊಂಡು ನಮಗೆ ಹೇಳಿಹೋಗಲು ಬಂದಾಗ ತಿಳಿಯಿತು.

ಅಂದು ಅವಳು ಬರಿಗೈಯಲ್ಲಿ ಬಂದಿರಲಿಲ್ಲ. ಒಂದು ಸಣ್ಣ ಬ್ಯಾಟರಿಯ ಮೇಲೆ ನಡೆಯುವ, ಸೆಕೆಂಡಿಗೆ ಸಾವಿರ ಸಲ ದಿಕ್ಕು ಬದಲಿಸುವ ಪ್ರವಾಹದ ಯಂತ್ರವನ್ನು ತಾನೇ ಕೂಡಿಸಿ ತಂದಿದ್ದಳು. ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಎರಡು ಹೊಲಿಗೆಯ ಸೂಜಿಗಳನ್ನು ಒಂದು ಬೆರಳು ಅಂತರದಲ್ಲಿ ಚುಚ್ಚಿ ತಂತಿ ಕಟ್ಟಿದಳು. ಅಡಿಗೆಮನೆಯಿಂದ ಹತ್ತು ಬಟಾಟೆಗಳನ್ನು ತರಿಸಿ, ಪ್ರತಿಯೊಂದನ್ನೂ ಅರ್ಧ ಮಾತ್ರ ಕುದಿಯುವ ನೀರಿನಲ್ಲಿ ಮುಳುಗುವಂತೆ ನಿಲ್ಲಿಸಿ ಬೇಯಿಸಿ, ಒರೆಸಿ ಆರಿಸಿ ಒಂಬತ್ತನೆಯ ಇಯತ್ತೆಯವರ ಮುಂದಿಟ್ಟಳು. ಸಿಪ್ಪೆಯ ಮೇಲಿಂದ ಬೆಂದದ್ದು ಯಾವುದು, ಹಸಿಯದು ಯಾವುದು ಎಂದು ತಿಳಿಯುತ್ತಿರಲಿಲ್ಲ. ಬೆಂದರೆ ಕೋಶಗಳ ಪೊರೆ ಒಡೆದು ಉಪ್ಪುನೀರೆಲ್ಲ ಒಂದಾಗುತ್ತದೆ, ವಿದ್ಯುತ್ತಿಗೆ ತಡೆ ಕಡಿಮೆಯಾಗುತ್ತದೆ. ಹುಡುಗಿಯರು ತುದಿಯಿಂದ ತುದಿಗೆ ಸೂಜಿ ಚುಚ್ಚುತ್ತ ಅಂಕಿಗಳನ್ನು ಬರೆದುಕೊಂಡು, ಅಂಕಿ ಬಿದ್ದ ಕಡೆಗೆ ಮಸಿಯಿಂದ ಗೆರೆ ಎಳೆದರು. ಆಮೇಲೆ ಉದ್ದಕ್ಕೆ ಕೊಯ್ದು ನೋಡಿದರು. ಹತ್ತರಲ್ಲಿ ನಾಲ್ಕರಲ್ಲಿ ಗೆರೆಯು ಬೆಂದ ಭಾಗದ ಅಂಚಿಗೇ ಸರಿಯಾಗಿ ಬಿದ್ದಿತ್ತು. ಉಳಿದವುಗಳಲ್ಲಿ ಅರ್ಧ ಬೆರಳು ಆಚೆ ಈಚೆ. ಎರಡರಲ್ಲಂತೂ ಗೆರೆಯ ಹೊರಗೂ ಬೆಂದ ಭಾಗ ಉಳಿದಿತ್ತು. ಶಿಗ್ಗಾಂವಿಯ ಕಡೆಯ ಒಬ್ಬ ಸಣ್ಣ ಹುಡುಗಿ ಕೈಯೆತ್ತಿ, ನಡುವೆ ಒಂದು ಕಡೆಯ ಅಂಕಿ ಬೆಂದದ್ದಕ್ಕೂ ಕೂಡುವದಿಲ್ಲ, ಹಸಿಯದಕ್ಕೂ ಕೂಡುವದಿಲ್ಲ, ಅದನ್ನು ಯಾವ ಕಡೆಗೆ ಬರೆಯಬೇಕೆಂದು ಕೇಳಿದಳು. "ಯಾವ ಕಡೆಗೂ ಬರೀಬ್ಯಾಡ. ಬಂದಾಂಗ ಬರಿ," ಎಂದು ಇವಳು ಹೇಳಿ, ಬಗ್ಗಿ ಆ ಅಂಕಿಯನ್ನು ತನ್ನ ಪುಸ್ತಕದಲ್ಲಿಯೂ ಬರೆದುಕೊಂಡಳು.

ಇವಳನ್ನು ಕಳುಹಿಸಿಕೊಡಲೆಂದು ಅಂದು ಸವಣೂರಿನಿಂದ ಬಂದಿದ್ದ ಮಾವಶಿಯವರು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಪಾಠ ಮುಗಿದೊಡನೆ ಸೆರಗು ಸಿಕ್ಕಿಸಿ ಒಳಗೆ ಬಂದು, ಕೊಯ್ದ ಹೋಳುಗಳನ್ನೆಲ್ಲ ಬುಟ್ಟಿಗೆ ತುಂಬಿ, ಮಸಿ ತಾಗಿದಷ್ಟು ಭಾಗವನ್ನು ಕತ್ತಿಯಿಂದ ಹೆರೆದು ಬಿಸುಟು, "ಸೂಜಿ ಚುಚ್ಚಿದ್ದಕ್ಕ ಬಟಾಟಿ ಕೆಡತೈತೇನ?" ಎನ್ನುತ್ತ ಅಡಿಗೆಮನೆಯ ಕಡೆಗೆ ನಡೆದರು. ರಾತ್ರಿಯ ಊಟಕ್ಕೆ ಅದೇ ಪಲ್ಯವಾಯಿತು.